ಕಮೊಡೋರ್ 64 ಕೊಳ್ಳಬೇಕೆ, ಆಪಲ್ 2ಇ ಕೊಳ್ಳಬೇಕೆ?

ಎಂಬತ್ತರ ದಶಕದ ಆರಂಭದ ಅಮೆರಿಕದ ಕಂಪ್ಯೂಟರೊಂದನ್ನು ಸಂಗ್ರಹಕ್ಕೆ ಕೊಳ್ಳಬೇಕೆನ್ನುವವರು ಈ ಎರಡರ ನಡುವೆ ತೂಗಾಡುವುದು ಸಹಜ.

ಕಮೊಡೋರ್ 64 ಮಾರುಕಟ್ಟೆಗೆ ಬಂದದ್ದು 1982ರಲ್ಲಿ, 595 ಡಾಲರಿಗೆ. ಮರುವರ್ಷವೇ ಬೆಲೆ 200 ಡಾಲರಿನ ಆಸುಪಾಸಿಗೆ ಇಳಿಯಿತು. ಆಟಿಕೆ ಅಂಗಡಿಗಳಲ್ಲೂ ಸಿಗುತ್ತಿದ್ದ ಅದನ್ನು ಜನ ಮನೆಯ ಟಿವಿಗೇ ಜೋಡಿಸಿಕೊಂಡರು. 1983ರ ಜನವರಿಯಲ್ಲಿ ಬಂದ ಆಪಲ್ 2ಇ ಬೆಲೆ 1,395 ಡಾಲರ್. ಶಾಲೆಗಳಲ್ಲಿ ಅದು ಬೇರೂರಿತು. ಸ್ಮರಣೆ ಎರಡರಲ್ಲೂ 64 ಕಿಲೋಬೈಟ್.

ಆಟ ಮತ್ತು ಸಂಗೀತಕ್ಕೆ ನನ್ನ ಆಯ್ಕೆ ಕಮೊಡೋರ್. ಏಕಕಾಲಕ್ಕೆ ಮೂರು ಸ್ವರ ಹೊರಡಿಸುವ ಅದರ ಧ್ವನಿ ಚಿಪ್‌ನ ಮುಂದೆ ಆಪಲ್‌ನ ಪುಟ್ಟ ಸ್ಪೀಕರ್ ಸಪ್ಪೆ. ಕಮೊಡೋರ್‌ನ ಡಿಸ್ಕ್ ಡ್ರೈವ್ ಮಾತ್ರ ತಾಳ್ಮೆಗೆಡಿಸುವಷ್ಟು ನಿಧಾನ.

ಯಂತ್ರದ ಒಡಲನ್ನು ಅರಿಯುವ ಆಸೆಯಿದ್ದರೆ ಆಪಲ್ಲೇ ಸರಿ. ಮೇಲ್ಮುಚ್ಚಳವನ್ನು ಕೈಯಲ್ಲೇ ಎತ್ತಬಹುದು, ಸ್ಕ್ರೂ ಬಿಚ್ಚಬೇಕಿಲ್ಲ. ಒಳಗೆ, ಹೆಚ್ಚುವರಿ ಸೌಲಭ್ಯ ಕೊಡುವ ಕಾರ್ಡುಗಳನ್ನು ಸಿಕ್ಕಿಸಲು ಸಾಲಾಗಿ ಸ್ಲಾಟ್‌ಗಳು. ಎಷ್ಟು ಉದಾರವಾದ ವಿನ್ಯಾಸ!

ಕಮೊಡೋರ್ ಕೊಳ್ಳುವವರು ಅದರ ಮೂಲ ಪವರ್ ಅಡಾಪ್ಟರನ್ನು ದಯವಿಟ್ಟು ಬಳಸಬೇಡಿ. ಹಳತಾದಾಗ ಅದು ಹೆಚ್ಚು ವೋಲ್ಟೇಜ್ ಹರಿಸಿ ಚಿಪ್‌ಗಳನ್ನೇ ಸುಡುತ್ತದೆ. ಹೊಸ ಅಡಾಪ್ಟರಿನ ಖರ್ಚನ್ನೂ ಸೇರಿಸಿಯೇ ಚೌಕಾಸಿಗೆ ಇಳಿಯಿರಿ. ಅಮೆರಿಕದಿಂದ ಭಾರತಕ್ಕೆ ತರಿಸುವುದಾದರೆ, 120 ವೋಲ್ಟಿನ ಆಪಲ್‌ಗೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.