ಛೆಟ್ರಿ ಹೆಸರಿನ ನೀಲಿ ಜೆರ್ಸಿ: ಬಟ್ಟೆ ಚೆನ್ನಾಗಿದೆ, ಪ್ರಿಂಟ್ ನಿಲ್ಲಲಿಲ್ಲ

ಮಗಳ ಹುಟ್ಟುಹಬ್ಬಕ್ಕೆ ನಮ್ಮ ಬಡಾವಣೆಯ ಅಂಗಡಿಯಲ್ಲಿ ಒಂದು ನೀಲಿ ಜೆರ್ಸಿ ಕೊಂಡೆ. ಬೆನ್ನ ಮೇಲೆ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯ ಹೆಸರು, ಅವನ ನಂಬರ್ 11 ಅಲ್ಲೇ ಪ್ರಿಂಟ್ ಹಾಕಿಸಿದೆ. ಬಟ್ಟೆ ಹಗುರ, ಬೆವರಿದರೂ ಮೈಗೆ ಅಂಟುವುದಿಲ್ಲ. ಆದರೆ ನಾಲ್ಕನೇ ಒಗೆತಕ್ಕೇ ಒಂದು '1' ಎದ್ದು ಬಂತು. ತುಂಬಾ ಬೇಜಾರಾಯಿತು.

ಆ ನಂಬರ್ ನಮ್ಮ ಮನೆಯಲ್ಲಿ ಸುಮ್ನೆ ಒಂದು ಅಂಕಿ ಅಲ್ಲ. 2002ರಲ್ಲಿ ಮೋಹನ್ ಬಗಾನ್‌ನಲ್ಲಿ ಶುರು ಮಾಡಿದ ಹುಡುಗ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ ಕ್ಲಬ್‌ಗಳನ್ನೆಲ್ಲ ಸುತ್ತಿದ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ, ಆಮೇಲೆ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡಕ್ಕೆ ಹೋದ. ಎರಡೂ ಕಡೆ ಜಾಸ್ತಿ ಅವಕಾಶ ಸಿಗಲಿಲ್ಲ. 2013ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡಕ್ಕೆ ಬಂದ. ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದೆವು! ಅಶೋಕನಗರದ ಹಳೇ ಸ್ಟೇಡಿಯಂನಲ್ಲಿ ಅವನ ಆಟ ನೋಡಿದ್ದೇನೆ. ಅಷ್ಟು ಎತ್ತರದವನಲ್ಲ, ಆದರೂ ಡಿಫೆಂಡರ್‌ಗಳ ನಡುವೆ ಜಿಗಿದು ಹೆಡ್ ಮಾಡುತ್ತಿದ್ದ. ಸರಿಯಾದ ಕ್ಷಣಕ್ಕೆ ಜಿಗಿಯುವುದೇ ಅವನ ಕೈಚಳಕ, ಅಲ್ವಾ?

ಅಂಗಡಿಯವರು ತಕರಾರಿಲ್ಲದೆ ಹೊಸ ಪ್ರಿಂಟ್ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಈಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಕೈಯಲ್ಲೇ ಒಗೆಯುತ್ತೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ಒಂದು ಸೈಜ್ ದೊಡ್ಡದೇ ತಗೊಳ್ಳಿ.