ಕೆ99 ಹಾಕಲೋ, ಕೆ22 ಹಾಕಲೋ? ಎರಡೂ ಯುವ ಸಂಶೋಧಕರು ಸ್ವಂತ ಲ್ಯಾಬ್ ಕಟ್ಟಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಕೊಡುವ ಅನುದಾನಗಳು.
ಅಮೆರಿಕದಲ್ಲಿ ಕ್ಯಾನ್ಸರ್ ಕುರಿತು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಾ ಸ್ವಂತ ಲ್ಯಾಬ್ ಕಟ್ಟುವ ಆಸೆಯಿರುವ ನಮ್ಮವರು ಮೊದಲು ವೀಸಾ ನೋಡಿಕೊಳ್ಳಿ. ಕೆ22 ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮೀಸಲು. ಎರಡು ಹಂತಗಳ ಕೆ99/ಆರ್00ಗೆ ಆ ಕಟ್ಟಳೆಯಿಲ್ಲ. ಆದರೆ ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು, ಮರುಅರ್ಜಿಯೂ ಅಷ್ಟರೊಳಗೇ. ಇಲಿಗಳ ಮೇಲಿನ ಒಂದು ಪ್ರಯೋಗ ಕೈಕೊಟ್ಟರೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತೀರಿ, ಗಡುವು ಮಾತ್ರ ನಿಲ್ಲುವುದಿಲ್ಲ.

ಕೆ99ರಲ್ಲಿ ಮಾರ್ಗದರ್ಶಕರ ಜತೆ 2 ವರ್ಷದವರೆಗೆ ಹಣ ಸಿಗುತ್ತದೆ. ಪ್ರಾಧ್ಯಾಪಕ ಹುದ್ದೆ ಸಿಕ್ಕಮೇಲೆ ಆರ್00 ಆಗಿ 3 ವರ್ಷದವರೆಗೆ, ವರ್ಷಕ್ಕೆ 2,49,000 ಡಾಲರ್ ತನಕ. ಕೆ22 ಹುದ್ದೆ ಹಿಡಿದ ಮೇಲಿನ 3 ವರ್ಷಕ್ಕಷ್ಟೇ.

ಗ್ರೀನ್ ಕಾರ್ಡ್ ಇದ್ದು 4 ವರ್ಷ ದಾಟಿದ್ದರೆ ಕೆ22 ಹಾಕಿ. ಇನ್ನೂ 4 ವರ್ಷ ದಾಟದವರು ಎರಡನೇ ವರ್ಷದಲ್ಲೇ ಕೆ99 ಬರೆಯಲು ಕೂತುಬಿಡಿ.