ಇಳಿಜಾರು ಹಿತ್ತಲು, ಕೆಳಗೆ ಜೇಡಿಮಣ್ಣು: ಟರ್ಫ್ ಒಳಗೆ ಯಾವ ಇನ್‌ಫಿಲ್ ನಿಲ್ಲತ್ತೆ?

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಪಕ್ಕದ ಕ್ಯಾರಿ, ಏಪೆಕ್ಸ್, ಮಾರಿಸ್‌ವಿಲ್ ಕಡೆ ಮನೆ ತಗೊಂಡಿರೋ ನಮ್ಮವ್ರು ಸಿಕ್ಕಾಗೆಲ್ಲ ಕೇಳೋದು ಇದನ್ನೇ, ಹಿತ್ತಲು ಇಳಿಜಾರು, ಕೆಳಗೆ ಬರೀ ಜೇಡಿಮಣ್ಣು, ಹುಲ್ಲು ನಿಲ್ತಾ ಇಲ್ಲ, ಟರ್ಫ್ (ಪ್ಲಾಸ್ಟಿಕ್ ಹುಲ್ಲುಹಾಸು) ಹಾಕ್ಸಿದ್ರೆ ಎಳೆಗಳ ಮಧ್ಯೆ ಇನ್‌ಫಿಲ್, ಅಂದ್ರೆ ತುಂಬೋ ಕಾಳು, ಯಾವುದು ಹಾಕ್ಬೇಕು ಅಂತ. ನಾವು ಹಿತ್ತಲನ್ನ ಮೇಲಿಂದ ಕೆಳಗೆ ಪಟ್ಟಿ ಪಟ್ಟಿ ಮಾಡಿ ಸಾದಾ ಸಿಲಿಕಾ ಮರಳು, ಅಕ್ರಿಲಿಕ್ ಕೋಟಿಂಗ್ ಇರೋ ಮರಳು, ಜಿಯೋಲೈಟ್, ವಾಲ್‌ನಟ್ ಚಿಪ್ಪಿನ ಪುಡಿ, ಎಲ್ಲಾ ಪಕ್ಕಪಕ್ಕ ಹಾಕಿ ನೋಡಿದೀವಿ. ಟೈರ್ ರಬ್ಬರ್ ಮಾತ್ರ ಹಾಕ್ಲಿಲ್ಲ, ಯಾಕೆ ಅಂತ ಕೊನೇಲಿ ಹೇಳ್ತೀನಿ.

ಮೊದ್ಲು ಮಣ್ಣಿನ ವಿಷಯ, ಇದನ್ನ ಟರ್ಫ್ ಮಾರೋವ್ರು ಯಾರೂ ಸರಿಯಾಗಿ ಹೇಳಲ್ಲ. ರಾಲಿ ಕಡೆ ಜಾಸ್ತಿ ಸಿಗೋದು ಸೆಸಿಲ್ ಅನ್ನೋ ಕೆಮ್ಮಣ್ಣು, ನಾರ್ತ್ ಕ್ಯಾರೊಲೈನಾದ ರಾಜ್ಯ ಮಣ್ಣು ಅಂತ ಗುರುತಿಸೋದೂ ಅದನ್ನೇ, ಕಾನೂನಿನ ಪ್ರಕಾರ ಅಧಿಕೃತ ಅಲ್ಲದಿದ್ರೂ. ಪಶ್ಚಿಮ ಕ್ಯಾರಿ, ಮಾರಿಸ್‌ವಿಲ್ ಕಡೆ ಬಂದ್ರೆ ಟ್ರಯಾಸಿಕ್ ಬೇಸಿನ್ (ಕೋಟ್ಯಂತರ ವರ್ಷ ಹಿಂದಿನ ತಗ್ಗು ಪ್ರದೇಶ) ಜೇಡಿ, ಅದು ಇನ್ನೂ ಕಿರಿಕಿರಿ, ನೀರು ಕುಡಿದು ಉಬ್ಬತ್ತೆ, ಆಗಸ್ಟಲ್ಲಿ ಒಣಗಿದ್ರೆ ನಮ್ಮ ಬಿಜಾಪುರದ ಎರೆ ಹೊಲದ ಥರ ಬಿರುಕು ಬಿಡತ್ತೆ. ಸಾವಿರ ಚದರಡಿ ಮೇಲೆ ಒಂದಿಂಚು ಮಳೆ ಅಂದ್ರೆ ಸುಮಾರು 620 ಗ್ಯಾಲನ್ ನೀರು. ಅಷ್ಟೂ ಟರ್ಫ್ ತೂತಿಂದ ಇಳಿದು ಅದರ ಕೆಳಗೆ ಹಾಸಿರೋ ಜಲ್ಲಿ ದಾಟಿ ಜೇಡಿ ಮುಟ್ಟತ್ತೆ, ಅಲ್ಲಿಂದ ಕೆಳಗೆ ಹೋಗೋಕೆ ದಾರಿ ಇಲ್ಲ, ಹಂಗಾಗಿ ಅಡ್ಡಕ್ಕೆ ಹರಿದು ಇಳಿಜಾರಿನ ಬುಡದಲ್ಲಿ ಬಂದು ನಿಲ್ಲತ್ತೆ. ಅಲ್ಲಿ ಅಂಚಿಗೆ ಪ್ಲಾಸ್ಟಿಕ್ ಬೋರ್ಡ್ ಬಡಿದು ಮುಚ್ಚಿಬಿಟ್ಟಿದ್ರೆ ನೀರು ಟರ್ಫ್ ಮೇಲಕ್ಕೇ ಉಕ್ಕತ್ತೆ, ಆಗ ಎಷ್ಟು ದುಬಾರಿ ಇನ್‌ಫಿಲ್ ಹಾಕಿದ್ರೂ ಎದ್ದು ಹೋಗತ್ತೆ. ‘ನಮ್ಮ ಇನ್‌ಫಿಲ್ ಡ್ರೈನೇಜ್‌ಗೆ ಒಳ್ಳೇದು’ ಅನ್ನೋ ಮಾತಿಗೆ ನಾನು ಬೆಲೆ ಕೊಡದೇ ಇರೋದು ಇದಕ್ಕೇ, ಇಲ್ಲಿ ನೀರು ತಡೆಯೋದು ಇನ್‌ಫಿಲ್ ಅಲ್ವೇ ಅಲ್ಲ, ಜೇಡಿ.

ಹಾಗಾದ್ರೆ ಇಳಿಜಾರಲ್ಲಿ ಇನ್‌ಫಿಲ್‌ನಿಂದ ಬೇಕಿರೋದು ಏನು? ಭಾರ ಇರ್ಬೇಕು, ಕಾಳಿಗೆ ಮೂಲೆ ಇರ್ಬೇಕು, ಉರುಳಬಾರ್ದು.

ಇಲ್ಲೇ ಅಕ್ರಿಲಿಕ್ ಮರಳು ನನಗೆ ನಿರಾಸೆ ಮಾಡಿದ್ದು. ಎಲ್ಲಕ್ಕಿಂತ ದುಬಾರಿ, ನೋಡೋಕೆ ಚೆನ್ನಾಗಿದೆ, ಧೂಳಿಲ್ಲ, ಗಟ್ಟಿ ಕಟ್ಟಲ್ಲ, ಸಮತಟ್ಟು ಜಾಗ ಇದ್ರೆ ಕಣ್ಮುಚ್ಕೊಂಡು ಹಾಕಿ. ಆದ್ರೆ ಅದರ ಕಾಳು ದುಂಡಗೆ, ನುಣ್ಣಗೆ. ಮಕ್ಕಳು ಮೇಲಿಂದ ಕೆಳಗೆ ಓಡೋ ದಾರೀಲಿ ಎಳೆ ಬಿಡಿಸಿ ನೋಡಿದ್ರೆ ಮೇಲ್ಗಡೆ ಬ್ಯಾಕಿಂಗ್ (ಎಳೆ ಹೊಲಿದಿರೋ ಅಡಿಬಟ್ಟೆ) ಕಾಣ್ತಿತ್ತು, ಬುಡದಲ್ಲಿ ಹಸಿರು ಕಾಳು ಗುಡ್ಡೆ ಬಿದ್ದಿತ್ತು. ಪೊರಕೆ ತಗೊಂಡು ಮೇಲಕ್ಕೆ ಗುಡಿಸಿದ್ರೂ ಮತ್ತೆ ಅದೇ ಕಥೆ.

ಪಕ್ಕದ ಪಟ್ಟೀಲಿದ್ದ ಸಾದಾ ಸಿಲಿಕಾ ಮರಳು, ಮೂಲೆ ಮೂಲೆ ಇರೋ ಕಾಳಿಂದು, ಒಂದು ಘನ ಅಡಿಗೆ ಸುಮಾರು 100 ಪೌಂಡ್ ತೂಕ, ಅಲ್ಲೇ ಕೂತಿದೆ. ಒಂದಕ್ಕೊಂದು ಕಚ್ಕೊಂಡು ಕೂರತ್ತೆ ಅದು. ಹಾಕೋವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಕಾಲ ಕಳೆದಂಗೆ ಗಟ್ಟಿಯಾಗತ್ತೆ, ಬರಿಗಾಲಿಗೆ ಅಷ್ಟು ಹಿತ ಅನ್ಸಲ್ಲ, ನಾಯಿ ಉಚ್ಚೆ ವಾಸನೆಗೆ ಏನೂ ಮಾಡಲ್ಲ. ಆದ್ರೆ ಬೆಲೆ ಎಲ್ಲಕ್ಕಿಂತ ಕಮ್ಮಿ, 50 ಪೌಂಡ್ ಚೀಲದಲ್ಲಿ ಸಿಗತ್ತೆ, ಕಮ್ಮಿ ಬಿದ್ದಾಗ ಒಂದು ಚೀಲ ತಂದು ಉದುರಿಸಿದ್ರೆ ಆಯ್ತು.

ಜಿಯೋಲೈಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು ಯಾಕಂದ್ರೆ ನಾಯಿ ಸಾಕಿರೋವ್ರಿಗೆ ಎಲ್ಲರೂ ಇದನ್ನೇ ಮಾರ್ತಾರೆ, ಮತ್ತೆ ಅದು ಸುಳ್ಳೂ ಅಲ್ಲ. ಇದು ಒಂದು ಖನಿಜ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ಉಚ್ಚೇಲಿರೋ ಅಮೋನಿಯಂ ಹಿಡ್ಕೊಂಡು ಬದಲಿಗೆ ಸೋಡಿಯಂ ಬಿಡತ್ತೆ, ವಾಸನೆ ನಿಜವಾಗ್ಲೂ ಕಮ್ಮಿ ಆಗತ್ತೆ. ನೀರನ್ನೂ ಹಿಡಿಯೋದ್ರಿಂದ ಜುಲೈ ಬಿಸಿಲಲ್ಲಿ ಮರಳಿಗಿಂತ ಸ್ವಲ್ಪ ತಂಪು. ಆದ್ರೆ ತೂಕ ಮರಳಿನ ಅರ್ಧಕ್ಕಿಂತ ಒಂಚೂರು ಮೇಲೆ ಅಷ್ಟೇ, ಕಲ್ಲೂ ಮೆದು, ಓಡಾಡ್ತಾ ಓಡಾಡ್ತಾ ಪುಡಿಯಾಗಿ ಮಳೇಲಿ ಬೂದು ಬಣ್ಣದ ಹಿಟ್ಟಿನಂಗೆ ಇಳಿಯತ್ತೆ. ಇಡೀ ಇಳಿಜಾರಿಗೆ ಇದನ್ನೇ ತುಂಬಿಸಿದ್ರೆ ದುಡ್ಡು ದಂಡ. ಗಮನಿಸಿದ್ದು ಏನಂದ್ರೆ ನಾಯಿ ಎಲ್ಲೇ ಉಚ್ಚೆ ಹೊಯ್ದ್ರೂ ಅದು ಜೇಡಿ ಮೇಲೆ ಜಾರ್ಕೊಂಡು ಕೊನೆಗೆ ಬುಡಕ್ಕೇ ಬರತ್ತೆ, ವಾಸನೆ ಏಳೋದೂ ಅಲ್ಲೇ. ಹಂಗಾಗಿ ಈಗ ಮೇಲೆಲ್ಲ ಮರಳು, ಬುಡದ ಸಪಾಟು ಜಾಗದಲ್ಲಿ ಮಾತ್ರ ಜಿಯೋಲೈಟ್.

ವಾಲ್‌ನಟ್ ಚಿಪ್ಪು? ಏಪ್ರಿಲಲ್ಲಿ ಇಲ್ಲಿ ಪೈನ್ ಮರದ ಹಳದಿ ಪರಾಗ, ಚಳಿಗಾಲದಲ್ಲಿ ಪೈನ್ ಸೂಜಿ, ಬ್ಲೋಯರ್ ಹಿಡೀಲೇಬೇಕು, ಹಿಡಿದ್ರೆ ಕಸದ ಜೊತೆ ಚಿಪ್ಪೂ ಹಾರ್ಕೊಂಡು ಬೇಲಿ ಹತ್ರ ಬೀಳತ್ತೆ. ನಟ್ ಅಲರ್ಜಿ ಇರೋ ಮಕ್ಕಳು ಆಡೋಕೆ ಬಂದ್ರೆ ಅನ್ನೋ ಯೋಚನೆ ಬೇರೆ. ತೆಗೆದು ಹಾಕಿದೀವಿ.

ಯಾವ ಇನ್‌ಫಿಲ್ ಆದ್ರೂ ಒಂದು ಮಾತು, ರೋಲ್ ಬಿಚ್ಚೋವಾಗ ಎಳೆಗಳ ಮುಖ ಇಳಿಜಾರಿನ ಮೇಲಕ್ಕೆ ಇರ್ಬೇಕು, ಕೆಳಕ್ಕೆ ಬಾಗಿದ್ರೆ ಕಾಳಿಗೆ ಜಾರುಬಂಡೆ ಮಾಡ್ಕೊಟ್ಟಂಗೆ. ಎಳೆಗಳ ಬುಡದಲ್ಲಿ ಸುರುಳಿ ಸುರುಳಿ ಕಂದು ನೂಲು ದಟ್ಟವಾಗಿರೋ ಟರ್ಫನ್ನೇ ಕೇಳಿ, ಕಾಳು ಸಿಕ್ಕೊಳ್ಳೋದು ಅದರಲ್ಲೇ. ಕೆಳಗಿನ ಅಂಚು ಮುಚ್ಚದೇ ತೊಳೆದ ಜಲ್ಲಿ ತುಂಬಿದ ಸಣ್ಣ ಕಾಲುವೆಗೆ ಬಿಡೋಕೆ ಹೇಳಿ, ಕಾಂಟ್ರಾಕ್ಟರ್ ಗೊಣಗ್ತಾನೆ, ಗೊಣಗ್ಲಿ.

ರಬ್ಬರ್ ವಿಷ್ಯ. ಹಗುರ, ಬಿಸಿಲಿಗೆ ಕಾಯತ್ತೆ, ವಾಸನೆ ಬರತ್ತೆ, ಮಳೆ ಜೋರಾದ್ರೆ ಹರಿಯೋ ನೀರಿನ ಜೊತೆ ಹೊರಟುಬಿಡತ್ತೆ. ಯುರೋಪಿಯನ್ ಯೂನಿಯನ್ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿಯಮ ತಂದಾಗ ಈ ಥರ ಇನ್‌ಫಿಲ್ ಮಾರಾಟ 2031ರ ಅಕ್ಟೋಬರ್‌ಗೆ ನಿಲ್ಲಿಸ್ಬೇಕು ಅಂತ ಗಡುವು ಇಟ್ಟಿದೆ. ಇಲ್ಲಿ ಅಂಥ ನಿಷೇಧ ನಮ್ಮನ್ನ ಕಟ್ಟಿಹಾಕಿಲ್ಲ, ಆದ್ರೆ ಪಶ್ಚಿಮ ಕ್ಯಾರಿಯ ತೊರೆಗಳು ಹೋಗಿ ಸೇರೋದು ಜೋರ್ಡನ್ ಲೇಕ್‌ಗೆ, ಊರಿನ ನಲ್ಲೀಲಿ ಬರೋದೂ ಅದೇ ಕೆರೆ ನೀರು.